ಕೋವಿ ಕೆಲಸಕ್ಕೆ ಬೆಂಚ್ ವೈಸ್: ಆರಿಸುವುದು, ಕೂರಿಸುವುದು, ಬಳಸುವುದು

ಕೋವಿ ಶುಚಿ ಮಾಡೋಕೆ ಎರಡು ಕೈ ಸಾಲದು. ಒಂದು ಕೈ ನಳಿಗೆ ಹಿಡಿದಿರಬೇಕು, ಇನ್ನೊಂದು ಸಲಾಕೆ ತಳ್ಳಬೇಕು. ಎಣ್ಣೆ, ಬಟ್ಟೆ, ಬ್ರಷ್ ಎತ್ತಿಕೊಳ್ಳೋದು ಯಾವ ಕೈಯಲ್ಲಿ? ಕೊಡಗಿನ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಕೋವಿಯನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡೋ ಗೋಡೆಗೆ ಒರಗಿಸಿಯೋ ಉಜ್ಜುತ್ತಾರೆ. ಅದೂ ಕೋವಿಗೆ ಪೂಜೆ ಮಾಡುವ ಕೊಡವರ ಹಬ್ಬ ಕೈಲ್‌ಪೊಳ್ದ್ ಇನ್ನೇನು ಬಂತು ಅನ್ನುವಾಗ, ಅವಸರದಲ್ಲಿ. ಸಲಾಕೆ ಓರೆಯಾಗಿ ನಳಿಗೆಯ ಒಳಗೋಡೆಗೆ ಉಜ್ಜುತ್ತದೆ. ಕೈ ಜಾರಿದರೆ ಬಟ್, ಅಂದರೆ ಕೋವಿಯ ಹಿಂಬದಿಯ ಮರ, ನೆಲಕ್ಕೆ ಬಡಿಯುತ್ತದೆ.

ಒಂದು ಬೆಂಚ್ ವೈಸ್ (ಬೆಂಚಿಗೆ ಕೂರಿಸಿ, ಹ್ಯಾಂಡಲ್ ತಿರುಗಿಸಿ, ಎರಡು ದವಡೆಗಳ ನಡುವೆ ಸಾಮಾನು ಬಿಗಿದು ಹಿಡಿಸುವ ಉಪಕರಣ) ಇದ್ದರೆ ಈ ತಾಪತ್ರಯ ಇಲ್ಲ. ಆದರೆ ಅಜ್ಜನ ಕಾಲದ ಜೋಡುನಳಿಗೆಯನ್ನು ಅರ್ಧ ಸುತ್ತಿನಲ್ಲಿ ಹಾಳು ಮಾಡುವ ತಾಕತ್ತು ಇರೋದೂ ಅದಕ್ಕೇ. ಕೋವಿ ಅಲ್ಲಾಡದಂತೆ ನಿಲ್ಲಿಸುವುದಷ್ಟೇ ವೈಸಿನ ಕೆಲಸ. ಬಲ ಹಾಕಿ ಬಿಗಿಯಲೇಬೇಕಾದ ಕೆಲಸ ಬಂತು ಅಂದರೆ ಅದು ಮನೆಯ ಕೆಲಸ ಅಲ್ಲ ಅಂತ ತಿಳಿಯಿರಿ.

ಮನೆಯಲ್ಲಿ ಏನು ಮಾಡಬಹುದು, ಏನು ಕೂಡದು

ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ 3 ಮತ್ತು 4ನೇ ಸೆಕ್ಷನ್‌ಗಳಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. 2021ರಲ್ಲಿ ರಾಜ್ಯ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಉಳಿದವರ ಹತ್ತಿರ ಲೈಸೆನ್ಸ್ ಇರುತ್ತದೆ. ಇಲ್ಲಿ ಜಾಸ್ತಿ ಜನ ಗಮನಿಸದ ಒಂದು ವಿಷಯ ಇದೆ. ಈ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಕೋವಿ ತಯಾರಿ, ಮಾರ್ಪಾಡು, ರಿಪೇರಿ ಇವು 5ನೇ ಸೆಕ್ಷನ್‌ಗೆ ಬರುತ್ತವೆ, ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು. ನಳಿಗೆ ಕತ್ತರಿಸಿ ಗಿಡ್ಡ ಮಾಡುವುದನ್ನು 6ನೇ ಸೆಕ್ಷನ್ ಪ್ರತ್ಯೇಕವಾಗಿಯೇ ತಡೆಯುತ್ತದೆ.

ಹಾಗಾಗಿ ಇಲ್ಲಿ ಹೇಳುವುದೆಲ್ಲ ಶುಚಿ ಮಾಡುವುದು, ಎಣ್ಣೆ ಹಾಕುವುದು, ಬಟ್‌ನ ಮರ ನೋಡಿಕೊಳ್ಳುವುದು, ಇಷ್ಟಕ್ಕೆ. ನಳಿಗೆಯ ತಗ್ಗು ಎತ್ತುವುದು, ಟ್ರಿಗರ್ ಒಳಗಿನ ಭಾಗಕ್ಕೆ ಅರ ಹಾಕುವುದು, ನಳಿಗೆ ತಿರುಗಿಸಿ ಬಿಚ್ಚುವುದು, ಬೆಸುಗೆ ಹಾಕುವುದು ಎಲ್ಲವೂ ಲೈಸೆನ್ಸ್ ಇರುವ ರಿಪೇರಿಯವರಿಗೆ ಬಿಟ್ಟದ್ದು. ಕಾನೂನು ಒತ್ತಟ್ಟಿಗಿರಲಿ, ಟ್ರಿಗರ್‌ನ ಕೊಕ್ಕೆ ಕೂದಲೆಳೆಯಷ್ಟು ಸವೆದರೂ ಕೋವಿ ತಾನಾಗಿಯೇ ಹಾರಬಹುದು. ವೈಸ್ ಇದೆಯಲ್ಲ ಅಂತ ಅಲ್ಲಿಗೆ ಕೈ ಹಾಕಬೇಡಿ.

ಯಾವ ವೈಸ್ ತರಬೇಕು

ವೈಸಿನ ಸೈಜು ಅಂದರೆ ದವಡೆಯ ಅಗಲ. ಅಂಗಡಿಯಲ್ಲಿ 3, 4, 5, 6 ಇಂಚಿನವು ಸಿಗುತ್ತವೆ (75, 100, 125, 150 ಮಿ.ಮೀ.). ಮೂರಿಂಚಿನದು ಬೇಡ, ಅದರ ದವಡೆ ಸಾಕಷ್ಟು ತೆರೆಯೋದಿಲ್ಲ. ಬಟ್‌ನ ದಪ್ಪ ಭಾಗವೇ ನಾಲ್ಕರಿಂದ ಐದು ಸೆಂಟಿಮೀಟರ್ ಇರುತ್ತದೆ, ಅದಕ್ಕೆ ಎರಡೂ ಕಡೆ ಮರದ ಹಲಗೆ, ಕಂಬಳಿ ತುಂಡು ಸೇರಿದರೆ ಹತ್ತು ಸೆಂಟಿಮೀಟರ್ ಹತ್ತಿರ ಹೋಗುತ್ತದೆ. ನಾಲ್ಕಿಂಚಿನದರಲ್ಲಿ ಹೇಗೋ ನಡೆಯುತ್ತದೆ. ನನ್ನ ಆಯ್ಕೆ ಐದಿಂಚು. ತೋಟದ ಮನೆಯಲ್ಲಿ ವೈಸ್ ಕೋವಿಗೆ ಮಾತ್ರ ಅಂತ ಯಾರೂ ಇಟ್ಟುಕೊಳ್ಳೋದಿಲ್ಲ. ಕತ್ತಿ ಮಸೆಯುವುದು, ಗರಗಸದ ಹಲ್ಲು ತೀಡುವುದು, ಕಳೆ ಕೊಚ್ಚುವ ಮಿಷನ್ನಿನ ಬ್ಲೇಡು, ಪೈಪಿನ ಜಾಯಿಂಟು, ಎಲ್ಲದಕ್ಕೂ ಅದೇ ಬೇಕು.

ಲೋಹದ ವಿಷಯ. ಅಗ್ಗದವೆಲ್ಲ ಮಾಮೂಲಿ ಬೀಡು ಕಬ್ಬಿಣ. ಒತ್ತಡ ತಡೆಯುತ್ತದೆ, ಪೆಟ್ಟು ತಡೆಯೋದಿಲ್ಲ. ಸುತ್ತಿಗೆಯಿಂದ ಹೊಡೆದರೆ ಬಿರುಕು ಬಿಡುತ್ತದೆ. ಎಸ್‌ಜಿ ಐರನ್ ಅಂತ ಸಿಗುವ, ಪೆಟ್ಟು ತಾಳುವ ಬೀಡು ಸ್ವಲ್ಪ ದುಬಾರಿ, ಆದರೆ ಗಟ್ಟಿ. ಉಕ್ಕಿನ ಎರಕದ್ದು ಇನ್ನೂ ಗಟ್ಟಿ. ಕೋವಿ ಕೆಲಸಕ್ಕಷ್ಟೇ ಆದರೆ ಬೀಡು ಸಾಕು. ಕತ್ತಿ ಕಾಯಿಸಿ ಬಡಿಯುವ ಅಭ್ಯಾಸ ಇದ್ದರೆ ಎಸ್‌ಜಿ ತನ್ನಿ.

ಅಂಗಡಿಯಲ್ಲಿ ಪೇಂಟ್ ನೋಡಿ ಮಾರುಹೋಗಬೇಡಿ. ಒಂದೇ ಸೈಜಿನ ಎರಡು ವೈಸ್ ಎತ್ತಿ ನೋಡಿ, ಭಾರ ಇರುವುದು ಸಾಮಾನ್ಯವಾಗಿ ಒಳ್ಳೆಯದು. ಆಮೇಲೆ ಈ ಪರೀಕ್ಷೆ ಮಾಡಿ. ದವಡೆ ಎರಡು ಇಂಚು ತೆರೆದು, ಮುಂದಿನ ದವಡೆಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಒಂದಿಷ್ಟು ಆಟ ಇದ್ದೇ ಇರುತ್ತದೆ, ಟಕಟಕ ಅಂತ ಸದ್ದು ಬಂದರೆ ಬಿಡಿ. ನಂತರ ಬಿಲ್ಲಿನ ಕಾಗದವನ್ನೇ ಹರಿದು ಎರಡು ಪಟ್ಟಿ ಮಾಡಿ, ದವಡೆಯ ಎರಡು ತುದಿಗಳಲ್ಲಿ ಒಂದೊಂದು ಇಟ್ಟು ಮೆಲ್ಲಗೆ ಮುಚ್ಚಿ. ಎರಡೂ ಒಟ್ಟಿಗೆ ಕಚ್ಚಿಕೊಂಡರೆ ದವಡೆ ನೆಟ್ಟಗಿದೆ. ಒಂದು ಪಟ್ಟಿ ಸಲೀಸಾಗಿ ಜಾರಿ ಬಂದರೆ ದವಡೆ ಓರೆ. ಓರೆ ದವಡೆ ಕೋವಿಯ ಮರವನ್ನು ಒಂದೇ ಅಂಚಿನಲ್ಲಿ ಒತ್ತುತ್ತದೆ.

ದವಡೆಯ ಮುಖದ ಉಕ್ಕಿನ ಪಟ್ಟಿಗಳನ್ನು ಸ್ಕ್ರೂ ಬಿಚ್ಚಿ ಬದಲಿಸುವ ಹಾಗಿರಬೇಕು. ಸೆಕೆಂಡ್ ಹ್ಯಾಂಡ್ ತರುವುದಾದರೆ ಇನ್ನೊಂದು ಜಾಗ್ರತೆ. ಹಳೆ ವೈಸ್‌ಗಳ ಬಿರುಕನ್ನು ಪುಟ್ಟಿ ತುಂಬಿ ಪೇಂಟ್ ಹೊಡೆದು ಮಾರುವುದುಂಟು. ಹಿಂದಿನ ದವಡೆಯ ಬುಡವನ್ನೂ ಬೋಲ್ಟ್ ತೂತುಗಳ ಸುತ್ತವನ್ನೂ ಉಗುರಿನಿಂದ ಕೆರೆದು ನೋಡಿ. ಹಾಗಂತ ಹಳೆಯದು ಬೇಡ ಅಂತಲ್ಲ. ಸರಿಯಾದ ಹಳೆ ವೈಸ್ ಸಿಕ್ಕರೆ ಹೊಸದಕ್ಕಿಂತ ಎಷ್ಟೋ ಮೇಲು.

ತಿರುಗುವ ಬುಡದ್ದೋ, ತಿರುಗದ್ದೋ? ಪೆಟ್ಟಿನ ಕೆಲಸಕ್ಕೆ ತಿರುಗದ್ದೇ ಸೈ. ಕೋವಿಗೆ ಮಾತ್ರ ತಿರುಗುವುದರ ಲಾಭ ಇದೆ, ಯಾಕೆ ಅಂತ ಕೂರಿಸುವ ಜಾಗದ ಮಾತು ಬಂದಾಗ ಗೊತ್ತಾಗುತ್ತದೆ. ತಂದರೆ ಎರಡು ಲಾಕ್ ಇರುವುದನ್ನೇ ತನ್ನಿ. ಒಂದೇ ಲಾಕ್ ಇರುವುದು ಸಲಾಕೆ ಎಳೆದಾಗ ನಿಧಾನಕ್ಕೆ ತಿರುಗಿಬಿಡುತ್ತದೆ.

ಬೆಂಚು ಮತ್ತು ಜಾಗ

ವೈಸಿನ ದವಡೆಗಳು ಬೆಂಚಿನ ಅಂಚಿಗೆ ಸಮಾನಾಂತರವಾಗಿ ನಿಲ್ಲುತ್ತವೆ. ಅಂದರೆ ಅದರಲ್ಲಿ ಹಿಡಿಸಿದ ಕೋವಿ ಬೆಂಚಿನ ಉದ್ದಕ್ಕೆ ಮಲಗುತ್ತದೆ. ಮೂವತ್ತಿಂಚಿನ ನಳಿಗೆಯ ಜೋಡುನಳಿಗೆ ಒಟ್ಟು ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್ ಹತ್ತಿರ ಬರುತ್ತದೆ. ಬರೀ ನಳಿಗೆ ಬಿಚ್ಚಿಟ್ಟರೂ ಸಲಾಕೆ ಹೊರಗೆ ಬರಲು ಅದರಷ್ಟೇ ಉದ್ದ ಮತ್ತೆ ಬೇಕು. ಜನ ವೈಸನ್ನು ಮೂಲೆಯಲ್ಲಿ, ಗೋಡೆಗೆ ತಾಗಿ ಕೂರಿಸುತ್ತಾರೆ. ಆಮೇಲೆ ಸಲಾಕೆ ಅರ್ಧ ಎಳೆಯುವಾಗಲೇ ಗೋಡೆಗೆ ಮೊಣಕೈ ಬಡಿಯುತ್ತದೆ. ನೆಟ್ಟಗೆ ಎಳೆಯಲು ಜಾಗ ಇಲ್ಲದೆ ಸಲಾಕೆ ಬಾಗುತ್ತದೆ, ಬಾಗಿದ ಸಲಾಕೆ ನಳಿಗೆಯ ಒಳಮೈ ಉಜ್ಜುತ್ತದೆ. ಆದ್ದರಿಂದ ಒಂದು ಪಕ್ಕಕ್ಕಾದರೂ ಎರಡು ಮೀಟರ್ ಖಾಲಿ ಬಿಡಿ. ಅಷ್ಟು ಜಾಗ ಇಲ್ಲ ಅಂದರೆ ಆಗ ತಿರುಗುವ ಬುಡದ ವೈಸ್ ಉಪಯೋಗಕ್ಕೆ ಬರುತ್ತದೆ. ಕೋವಿಯನ್ನು ಬಾಗಿಲ ಕಡೆಗೆ ಓರೆ ಮಾಡಿಕೊಂಡು ಕೆಲಸ ಮಾಡಬಹುದು.

ಬೆಂಚಿನ ಹಲಗೆ ಐದು ಸೆಂಟಿಮೀಟರ್ ದಪ್ಪ ಇರಲಿ. ನಮ್ಮಲ್ಲಿ ತೋಟದ ಸಿಲ್ವರ್ ಓಕ್ ಸುಲಭಕ್ಕೆ ಸಿಗುತ್ತದೆ, ಅದು ಮೆತ್ತಗಿನ ಮರ, ವಾಷರ್ ಒಳಗೆ ಇಳಿಯುತ್ತದೆ. ವೈಸ್ ಕೂರುವ ಕಡೆ ಮಾತ್ರ ಹಲಸಿನ ಹಲಗೆ ಹಾಕಿ, ಅಡಿಗೆ ದಪ್ಪ ತಗಡು ಕೊಟ್ಟರೆ ಸಾಕು. ಮರದ ಸ್ಕ್ರೂ ಹಾಕಬೇಡಿ. ಹಲಗೆಯಲ್ಲಿ ಆಚೆಯಿಂದ ಈಚೆಗೆ ತೂತು ಕೊರೆದು ಬೋಲ್ಟ್, ದೊಡ್ಡ ವಾಷರ್, ಎರಡು ನಟ್ ಹಾಕಿ. ಐದಿಂಚಿನ ವೈಸ್‌ಗೆ ಅರ್ಧ ಇಂಚಿನ ಬೋಲ್ಟ್ ಹೆಚ್ಚಾಗಿ ಹೊಂದುತ್ತದೆ. ಬೆಂಚಿನ ಕಾಲಿನ ನೇರಕ್ಕೆ ಕೂರಿಸಿ, ಎರಡು ಕಾಲುಗಳ ನಡುವೆ ಬೇಡ, ಹಲಗೆ ತೊಯ್ದಾಡುತ್ತದೆ.

ಹಿಂದಿನ, ಅಂದರೆ ಅಲ್ಲಾಡದ ದವಡೆಯ ಮುಖ ಬೆಂಚಿನ ಅಂಚಿಗಿಂತ ಸ್ವಲ್ಪವೇ ಸ್ವಲ್ಪ ಹೊರಗೆ ಬಂದಿರಬೇಕು. ಆಗ ಉದ್ದದ ಸಾಮಾನನ್ನು ನೆಟ್ಟಗೆ ನಿಲ್ಲಿಸಿ ಹಿಡಿಸಬಹುದು, ಕೆಳತುದಿ ಬೆಂಚಿಗೆ ತಾಗುವುದಿಲ್ಲ. ಕೇಪಿನ ಕೋವಿ (ಬಾಯಿಯಿಂದ ಮದ್ದು ಜಡಿದು, ಹಿಂದೆ ಕೇಪು ಇಟ್ಟು ಹಾರಿಸುವ ಹಳೆ ಬಗೆಯದು) ತೊಳೆಯುವಾಗ ಇದು ಬೇಕೇ ಬೇಕು.

ಎತ್ತರ ಎಷ್ಟು? ನೇರ ನಿಂತು ಮೊಣಕೈ ಮಡಚಿ. ಮೊಣಕೈ ಇರುವ ಮಟ್ಟಕ್ಕೆ ದವಡೆಯ ಮೇಲಂಚು ಬರಬೇಕು. ಮನೆಯಲ್ಲಿ ಅಪ್ಪ ಎತ್ತರ, ಮಗ ಗಿಡ್ಡ ಅಂದರೆ ಎತ್ತರದವರ ಅಳತೆಗೆ ಕೂರಿಸಿ. ಗಿಡ್ಡ ಇದ್ದವರು ಕಾಲಡಿಗೆ ಹಲಗೆ ಹಾಕಿಕೊಳ್ಳಬಹುದು, ಎತ್ತರದವರಿಗೆ ಬಗ್ಗುವುದು ಬಿಟ್ಟರೆ ದಾರಿ ಇಲ್ಲ.

ದವಡೆಗೆ ಮೆತ್ತೆ

ವೈಸಿನ ದವಡೆಗೆ ಹಲ್ಲಿನಂಥ ಗೀರು ಇರುತ್ತದೆ. ಅದು ಕೋವಿಗೆ ಯಾವ ಕಾರಣಕ್ಕೂ ನೇರ ತಾಗಕೂಡದು. ಮೆತ್ತೆ ಮನೆಯಲ್ಲೇ ಮಾಡಬಹುದು.

ದವಡೆಗಿಂತ ಎರಡು ಬೆರಳು ಉದ್ದ, ಎರಡು ಸೆಂಟಿಮೀಟರ್ ದಪ್ಪದ ಎರಡು ಹಲಗೆ ತುಂಡು ಬೇಕು. ಪ್ರತಿಯೊಂದರ ಮೇಲಂಚಿಗೆ ಇನ್ನೊಂದು ಸಣ್ಣ ಪಟ್ಟಿ ಅಂಟಿಸಿ ಮೊಳೆ ಹೊಡೆಯಿರಿ, ಆ ಪಟ್ಟಿ ದವಡೆಯ ಮೇಲೆ ಕೂತು ಹಲಗೆ ಕೆಳಗೆ ಬೀಳದಂತೆ ತಡೆಯುತ್ತದೆ. ಮೊಳೆಯ ತಲೆ ಒಳಗೆ ಇಳಿದಿರಲಿ. ಒಳಮುಖಕ್ಕೆ ಹಳೆ ಉಣ್ಣೆ ಕಂಬಳಿಯನ್ನು ಎರಡು ಪದರ ಮಾಡಿ ಅಂಟಿಸಿ. ಕಾರ್ಕ್ ಶೀಟ್ ಸಿಕ್ಕರೆ ಇನ್ನೂ ಒಳ್ಳೆಯದು.

ಚರ್ಮವನ್ನೂ ಎಷ್ಟೋ ಜನ ಹಾಕುತ್ತಾರೆ. ಹಿಡಿತಕ್ಕೆ ಅದರಷ್ಟು ಚೆನ್ನಾಗಿರೋದು ಬೇರೆ ಇಲ್ಲ. ಆದರೆ ನಮ್ಮ ಮಳೆಗಾಲಕ್ಕೆ ಅದು ಸರಿಬರೋದಿಲ್ಲ. ಹದ ಮಾಡಿದ ಚರ್ಮದಲ್ಲಿ ಉಪ್ಪಿನಂಶ ಉಳಿದಿರುತ್ತದೆ, ತೇವ ಹೀರುತ್ತದೆ. ಜುಲೈನಲ್ಲಿ ಒಂದು ರಾತ್ರಿ ಉಕ್ಕು ಅದಕ್ಕೆ ಒತ್ತಿಕೊಂಡಿದ್ದರೆ ಬೆಳಗ್ಗೆ ಕೆಂಪು ಮಚ್ಚೆ ನೋಡಬಹುದು. ಚರ್ಮದ ಮೆತ್ತೆ ಹಾಕಿದವರು ಕೆಲಸ ಮುಗಿದ ಕೂಡಲೇ ಕೋವಿ ತೆಗೆದು ಒರೆಸಿ.

ಎರಡು ಜೊತೆ ಮೆತ್ತೆ ಮಾಡಿ, ಒಂದಕ್ಕೆ ಕೆಂಪು ಪೇಂಟ್ ಬಳಿಯಿರಿ. ಕೆಂಪಿನದು ಕತ್ತಿ, ಗರಗಸಕ್ಕೆ. ಅರ ಹಾಕುವಾಗ ಹಾರುವ ಕಬ್ಬಿಣದ ಪುಡಿ ಕಂಬಳಿಯೊಳಗೆ ಹೂತುಕೊಳ್ಳುತ್ತದೆ, ಕಣ್ಣಿಗೆ ಕಾಣೋದಿಲ್ಲ. ಪೀಚೆಕತ್ತಿ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ) ಮಸೆದ ಮೆತ್ತೆಯಲ್ಲೇ ಕೋವಿಯ ಬಟ್ ಹಿಡಿಸಿದರೆ ಪಾಲಿಶ್ ಮೇಲೆ ಗೀರೋ ಗೀರು.

ಕೋವಿ ಖಾಲಿ ಇದೆಯಾ?

ವೈಸಿನ ಹತ್ತಿರ ಬರುವ ಮೊದಲೇ ಇದು ಮುಗಿದಿರಬೇಕು. ತೋಟಾಗಳೆಲ್ಲ ಬೇರೆ ಕೋಣೆಯಲ್ಲಿರಲಿ, ಬೆಂಚಿನ ಮೇಲೆ ಒಂದೂ ಬೇಡ. ಮುರಿಯುವ, ಅಂದರೆ ನಡುವೆ ಮಡಚಿ ತೆರೆಯುವ ಕೋವಿಯಾದರೆ ಮುರಿದು ಎರಡೂ ನಳಿಗೆಯ ಮೂಲಕ ಬೆಳಕು ನೋಡಿ. ಬೋಲ್ಟ್ ಆಕ್ಷನ್ ರೈಫಲ್ ಆದರೆ ಮ್ಯಾಗಜಿನ್ ಖಾಲಿ ಮಾಡಿ, ಬೋಲ್ಟ್ ತೆಗೆದು, ಕಿರುಬೆರಳು ಹಾಕಿ ಮುಟ್ಟಿ ನೋಡಿ.

ಕೇಪಿನ ಕೋವಿಯಲ್ಲಿ ಬೆಳಕು ಕಾಣೋದಿಲ್ಲ, ಹಿಂಬದಿ ಮುಚ್ಚಿರುತ್ತದೆ. ಮದ್ದು ಜಡಿದು ಅಟ್ಟದ ಮೇಲೆ ಇಟ್ಟು ವರ್ಷಗಟ್ಟಲೆ ಮರೆತ ಕೋವಿಗಳು ಇದ್ದೇ ಇರುತ್ತವೆ. ಮೊದಲು ಕೇಪು ಇಲ್ಲ ಅನ್ನುವುದನ್ನು ಖಚಿತ ಮಾಡಿಕೊಳ್ಳಿ. ಸಲಾಕೆಯನ್ನು ನಳಿಗೆಯ ಹೊರಗೆ, ಪಕ್ಕದಲ್ಲಿ ಇಡಿ. ಅದರ ತುದಿ ಕೇಪು ಕೂರುವ ಮೊಲೆಯ ನೇರಕ್ಕೆ ಬರಲಿ. ನಳಿಗೆಯ ಬಾಯಿ ಎಲ್ಲಿ ಮುಗಿಯುತ್ತದೋ ಅಲ್ಲಿ ಸಲಾಕೆಗೆ ಚಾಕ್‌ಪೀಸಿನ ಗುರುತು ಹಾಕಿ. ಈಗ ಬಾಯಿಗೆ ಅಡ್ಡ ನಿಲ್ಲದೆ, ಪಕ್ಕಕ್ಕೆ ನಿಂತು, ಸಲಾಕೆಯನ್ನು ಮೆಲ್ಲಗೆ ಒಳಗೆ ಬಿಡಿ. ಗುರುತು ಬಾಯಿಯ ಮಟ್ಟಕ್ಕೆ ಇಳಿದರೆ ಕೋವಿ ಖಾಲಿ. ಎರಡು ಮೂರು ಬೆರಳು ಮೇಲೆಯೇ ನಿಂತರೆ ಒಳಗೆ ಮದ್ದು, ಗುಂಡು ಕೂತಿದೆ ಅಂತ ಲೆಕ್ಕ. ಕೆದಕಬೇಡಿ, ಬಿಸಿ ಮಾಡಬೇಡಿ, ವೈಸಿಗೆ ಹಿಡಿಸಲೂ ಬೇಡಿ. ಲೈಸೆನ್ಸ್ ಇರುವ ರಿಪೇರಿಯವರನ್ನು ವಿಚಾರಿಸಿ. ಮದ್ದು ಹಳೆಯದಾದರೂ ಸಾಯೋದಿಲ್ಲ.

ಹಿಡಿಸುವ ಬಗೆ

ಒಂದು ಸಣ್ಣ ಲೆಕ್ಕ ನೋಡಿ. ವೈಸಿನ ಹ್ಯಾಂಡಲ್ ನಡುವಿನಿಂದ ಹದಿನೈದು ಸೆಂಟಿಮೀಟರ್ ದೂರದಲ್ಲಿ ಹತ್ತು ಕಿಲೋ ಬಲ ಹಾಕುತ್ತೀರಿ ಅಂದುಕೊಳ್ಳಿ. ಮರೆ, ಅಂದರೆ ದವಡೆಯನ್ನು ಎಳೆಯುವ ದಪ್ಪ ತಿರುಪು, ಒಂದು ಸುತ್ತು ತಿರುಗಿದರೆ ಐದು ಮಿಲಿಮೀಟರ್ ಮುಂದೆ ಹೋಗುತ್ತದೆ. ಉಜ್ಜಾಟಕ್ಕೆ ಮುಕ್ಕಾಲು ಪಾಲು ಬಲ ಹೋದರೂ ದವಡೆಯಲ್ಲಿ ನಾನೂರೈವತ್ತು ಕಿಲೋ ಮೇಲೆ ಒತ್ತಡ ಬೀಳುತ್ತದೆ. ಜೋಡುನಳಿಗೆಯ ನಳಿಗೆ ಬಾಯಿಯ ಕಡೆಗೆ ಬರೀ ಒಂದು ಮಿಲಿಮೀಟರ್ ಆಸುಪಾಸು ದಪ್ಪ. ಇಷ್ಟು ಸಾಕಲ್ವಾ ಅರ್ಥ ಆಗೋದಕ್ಕೆ?

ಹ್ಯಾಂಡಲನ್ನು ಎರಡೇ ಬೆರಳಲ್ಲಿ, ಅದೂ ನಡುವಿನ ಹತ್ತಿರ ಹಿಡಿದು ತಿರುಗಿಸಿ. ಬೆರಳು ನಿಂತಲ್ಲಿಗೆ ಸಾಕು. ಕೋವಿಯನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ, ಜಾರಿದರೆ ಮೆತ್ತೆ ಬದಲಿಸಿ, ಬಲ ಹೆಚ್ಚಿಸಬೇಡಿ.

ಜೋಡುನಳಿಗೆ: ಮುಂದಿನ ಮರ ತೆಗೆದು ನಳಿಗೆ ಬೇರ್ಪಡಿಸಿ. ನಳಿಗೆಗಳನ್ನು ಪಕ್ಕಗಳಿಂದ ಒತ್ತಿ ಹಿಡಿಸುವುದು ಬೇಡವೇ ಬೇಡ. ನಳಿಗೆಯ ಅಡಿಯಲ್ಲಿ, ಹಿಂದುಗಡೆ, ಆಕ್ಷನ್ (ಬಟ್‌ಗೂ ನಳಿಗೆಗೂ ನಡುವಿನ ಯಂತ್ರಭಾಗ) ಒಳಗೆ ಕೂರುವ ದಪ್ಪ ಉಕ್ಕಿನ ಗಡ್ಡೆ ಇದೆಯಲ್ಲ, ಅದು ಗಟ್ಟಿ ಲೋಹ. ಮೆತ್ತೆ ಇಟ್ಟು ಅದನ್ನಷ್ಟೇ ಮೆಲ್ಲಗೆ ಹಿಡಿಸಿ. ಬಾಯಿಯ ಕಡೆ ತೂಗಾಡದಂತೆ ಬೆಂಚಿನ ಮೇಲೆ ಕವಲು ಕೊರೆದ ಮರದ ತುಂಡೊಂದನ್ನು ಆನಿಕೆ ಕೊಡಿ, ಕವಲಿಗೂ ಕಂಬಳಿ ಹಾಕಿ.

ರೈಫಲ್: ಬಿಚ್ಚದೆ ಹಾಗೇ ಇಡಬಹುದು. ಬಟ್‌ನ ಹಿಂದಿನ ದಪ್ಪ ಭಾಗ ವೈಸಿನಲ್ಲಿ, ಮುಂದಿನ ಮರ ಕವಲಿನ ಮೇಲೆ. ಬಟ್‌ನ ಸಪೂರ ಕುತ್ತಿಗೆಯಲ್ಲಿ ಹಿಡಿಸಬೇಡಿ. ಅಲ್ಲಿ ಮರದ ಎಳೆ ಗಿಡ್ಡ, ಹಳೆ ಕೋವಿಗಳು ಒಡೆಯುವುದೂ ಅಲ್ಲೇ. ಚೌಕುಳಿ ಗೆರೆ ಕೊರೆದ ಜಾಗದಲ್ಲೂ ಬೇಡ, ಗೆರೆ ಅಳಿಸುತ್ತದೆ.

ಎರಡರಲ್ಲೂ ಬಾಯಿಯ ಕಡೆ ಒಂದು ಬೆರಳು ತಗ್ಗಿರಲಿ. ಎಣ್ಣೆ, ಕೊಳೆ ಮುಂದಕ್ಕೆ ಹರಿಯುತ್ತದೆ. ಹಿಂದಕ್ಕೆ ಹರಿದರೆ ಆಕ್ಷನ್ ದಾಟಿ ಬಟ್‌ನ ಮರಕ್ಕೆ ಇಳಿಯುತ್ತದೆ. ವರ್ಷಗಟ್ಟಲೆ ಎಣ್ಣೆ ಕುಡಿದ ಮರ ಕಪ್ಪಾಗಿ ಮೆತ್ತಗಾಗಿ ಕೊನೆಗೆ ಸೀಳುತ್ತದೆ. ಸಲಾಕೆಯನ್ನು ಹಿಂದಿನಿಂದ ತೂರಿಸಿ, ಬ್ರಷ್ ಪೂರ್ತಿ ಹೊರಗೆ ಬಂದ ಮೇಲೆಯೇ ವಾಪಸ್ ಎಳೆಯಿರಿ, ನಡುವೆ ದಿಕ್ಕು ಬದಲಿಸಿದರೆ ಕೂದಲು ಮುರಿಯುತ್ತದೆ.

ಕೇಪಿನ ಕೋವಿ: ಕಪ್ಪು ಮದ್ದಿನ ಕಸದಲ್ಲಿ ಉಪ್ಪಿನಂಥ ವಸ್ತುಗಳಿವೆ, ಅವು ಗಾಳಿಯ ತೇವ ಎಳೆಯುತ್ತವೆ. ಎಣ್ಣೆಗೆ ಅದು ಕರಗೋದಿಲ್ಲ, ನೀರೇ ಬೇಕು. ನಳಿಗೆ ಮರದಿಂದ ಸುಲಭವಾಗಿ ಬೇರೆಯಾಗುವ ಮಾದರಿಯಾದರೆ ಬೇರೆ ಮಾಡಿ, ಹಿಂಬದಿಯ ದಪ್ಪ ಭಾಗವನ್ನು ಮೆತ್ತೆಯಲ್ಲಿ ಹಿಡಿಸಿ, ಬಾಯಿ ಮೇಲಾಗಿ ನೆಟ್ಟಗೆ ನಿಲ್ಲಿಸಿ, ಕೆಳಗೆ ಬಕೆಟ್ ಇಡಿ. ಸೋಪು ಹಾಕಿದ ಬಿಸಿನೀರು ಹುಯ್ದರೆ ಮೊಲೆಯ ತೂತಿನಿಂದ ಕಪ್ಪಗೆ ಇಳಿಯುತ್ತದೆ. ತಿಳಿಯಾಗುವವರೆಗೆ ಹುಯ್ಯಿರಿ. ಕೊನೆಗೆ ಬರೀ ಬಿಸಿನೀರು. ನಳಿಗೆ ಬಿಸಿಯಾಗಿ ತಾನೇ ಒಣಗುತ್ತದೆ, ಒಣಬಟ್ಟೆ ಎಳೆದು ಕೂಡಲೇ ಎಣ್ಣೆ ಹಾಕಿ.

ತೆಂಗಿನೆಣ್ಣೆ ಬೇಡ. ಇಪ್ಪತ್ತನಾಲ್ಕು ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಡಿಸೆಂಬರಿನ ಮಡಿಕೇರಿಯ ಬೆಳಗ್ಗೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಸುಗ್ಗಿ ಹಬ್ಬ ಪುತ್ತರಿಗೆ ಕೋವಿ ಎತ್ತಿದಾಗ ಒಳಗಿನ ಭಾಗಗಳೆಲ್ಲ ಅಂಟಿ ಕೂತಿರುತ್ತವೆ.

ಬಟ್‌ನ ಮರ

ಬಟ್‌ಗೆ ಅಗಸೆ ಎಣ್ಣೆ ತೆಳ್ಳಗೆ ಬಳಿದು, ಅಂಗೈಯಲ್ಲಿ ಬಿಸಿ ಬರುವಂತೆ ಉಜ್ಜಿ. ಒಂದು ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದು. ಮಳೆಗಾಲದಲ್ಲಿ ಇದು ಒಣಗಲು ದಿನಗಟ್ಟಲೆ ಹಿಡಿಯುತ್ತದೆ, ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ. ಒದ್ದೆ ಬಟ್‌ನ್ನು ವೈಸಿನಲ್ಲಿ ಬಿಡಬೇಡಿ, ಕಂಬಳಿಯ ನೂಲು ಅಂಟಿಕೊಳ್ಳುತ್ತದೆ.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬಾರದು. ಒಣಗುವಾಗ ಅದು ಬಿಸಿ ಉಗುಳುತ್ತದೆ, ಮುದ್ದೆಯೊಳಗೆ ಬಿಸಿ ಸೇರಿ ತಾನಾಗಿಯೇ ಬೆಂಕಿ ಹತ್ತಬಹುದು. ಪಕ್ಕದಲ್ಲೇ ಗೋಣಿಚೀಲ, ಪೆಟ್ರೋಲ್ ಕ್ಯಾನು ಇರುವ ಶೆಡ್ಡುಗಳು ನಮ್ಮವು. ಬಟ್ಟೆಯನ್ನು ಹರಡಿ ಹೊರಗೆ ತಂತಿಗೆ ಹಾಕಿ, ಇಲ್ಲವೇ ನೀರಲ್ಲಿ ನೆನೆಸಿಡಿ.

ವೈಸಿನ ಆರೈಕೆ

ಹ್ಯಾಂಡಲ್‌ಗೆ ಪೈಪ್ ಸಿಕ್ಕಿಸಿ ಬಿಗಿಯುವುದು ವೈಸ್ ಮುರಿಯುವ ಸುಲಭದ ದಾರಿ. ದವಡೆಯ ಒಂದೇ ತುದಿಯಲ್ಲಿ ಸಣ್ಣ ಸಾಮಾನು ಹಿಡಿಸುವಾಗ ಇನ್ನೊಂದು ತುದಿಗೂ ಅದೇ ದಪ್ಪದ ತುಂಡು ಕೊಡಿ, ಇಲ್ಲವಾದರೆ ಮುಂದಿನ ದವಡೆ ಓರೆಯಾಗಿ ಮರೆ ಸವೆಯುತ್ತದೆ.

ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಮುಂದಿನ ದವಡೆಯನ್ನು ಪೂರ್ತಿ ಹೊರಗೆ ತಿರುಗಿಸಿ ತೆಗೆಯಿರಿ. ಮರೆಯ ಹಳೆ ಗ್ರೀಸಿನಲ್ಲಿ ಅರದ ಪುಡಿ ಸೇರಿ ಕಪ್ಪು ಅಂಟಾಗಿರುತ್ತದೆ. ಸೀಮೆಎಣ್ಣೆಯೋ ಡೀಸೆಲ್ಲೋ ಹಾಕಿ ಬ್ರಷ್‌ನಲ್ಲಿ ತೊಳೆದು, ಹೊಸ ಗ್ರೀಸ್ ಹಚ್ಚಿ. ದವಡೆಯ ಮುಖಕ್ಕೆ, ಜಾರುವ ಭಾಗಕ್ಕೆ ಎಣ್ಣೆ ಬಟ್ಟೆ. ಮೇಲೆ ಪ್ಲಾಸ್ಟಿಕ್ ಕವರ್ ಮುಚ್ಚಿದರೆ ಒಳಗೆ ಬೆವರಿ ಇನ್ನೂ ಬೇಗ ತುಕ್ಕು ಬರುತ್ತದೆ. ಹಳೆ ಹತ್ತಿಬಟ್ಟೆಗೆ ಎಣ್ಣೆ ಸವರಿ ಹೊದಿಸಿ. ಕೋವಿಗೂ ತೇವದ ಇದೇ ತೊಂದರೆ, ಬಟ್ಟೆಯ ಚೀಲ ತೇವ ಹಿಡಿದಿಡುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರಲ್ಲಿ ಇಡಬೇಡಿ, ಬೀಗ ಹಾಕಿದ ಒಣ ಜಾಗದಲ್ಲಿ ಬಾಯಿ ಕೆಳಗಾಗಿ ನಿಲ್ಲಿಸಿ. ವೈಸಿನ ದವಡೆಗಳನ್ನು ಒಂದಕ್ಕೊಂದು ಬಿಗಿದು ಬಿಡದೆ ಬೆರಳು ತೂರುವಷ್ಟು ತೆರೆದೇ ಇಡಿ. ಹ್ಯಾಂಡಲ್ ನೆಟ್ಟಗೆ ಕೆಳಗೆ ನೇತಾಡುತ್ತಿದ್ದರೆ ಕತ್ತಲಲ್ಲಿ ಶೆಡ್ಡಿಗೆ ಬಂದವರ ಸೊಂಟಕ್ಕೂ ಬಡಿಯೋದಿಲ್ಲ.